ರೊಟ್ಟಿ ಅಜ್ಜಿಯ ಪುಕ್ಕಟೆ ಕೇಸು

ಫೀ ತೆಗೆದುಕೊಳ್ಳುವ ವಕೀಲನಿಗೆ ಕಕ್ಷಿಗಾರರು ಕೈ ಮುಗಿಯುತ್ತಾರೆ. ಪುಕ್ಕಟೆ ಸಲಹೆ ಕೊಡುವ ವಕೀಲನಿಗೆ ಅವರೇ ತಿರುಗಿ ಸಲಹೆ ಕೊಡುತ್ತಾರೆ. ನಾನು ವಕೀಲಿಕೆ ಶುರು ಮಾಡಿದ ಕಾಲದಲ್ಲಿ ಇಂಥದ್ದು ನಡೆಯದ ಭಾನುವಾರವೇ ಇರಲಿಲ್ಲ.

ಅದು ಅರವತ್ತರ ದಶಕ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಸೀನಿಯರ್ ಮನೆ. ಬಡವರಿಗೆ ಬಿಟ್ಟಿಯಾಗಿ ಕಾನೂನು ಹೇಳಬೇಕೆಂಬುದು ಅವರ ವ್ರತ. ಭಾನುವಾರ ಬೆಳಿಗ್ಗೆ ಜಗುಲಿಯ ಮೇಲೆ ಚಾಪೆ ಹಾಸುತ್ತಿದ್ದರು, ಚಾಪೆಯ ಮೇಲೆ ನನ್ನನ್ನು ಕೂರಿಸುತ್ತಿದ್ದರು, ಆಮೇಲೆ ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ಪುಣ್ಯ ಅವರ ಲೆಕ್ಕಕ್ಕೆ, ಗಂಟಲು ನೋವು ನನ್ನ ಲೆಕ್ಕಕ್ಕೆ. ಮಿಲ್ಲುಗಳ ಊರು, ಕೂಲಿಗೆ ಬಂದವರು ಹೆಚ್ಚು, ಮನೆಗಳು ಕಡಿಮೆ. ಹಾಗಾಗಿ ಬರುವವರೆಲ್ಲ ಬಾಡಿಗೆ ಮನೆಯ ತಕರಾರಿನವರೇ. ಅವರಲ್ಲಿ ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡವಳು ರೊಟ್ಟಿ ಅಜ್ಜಿ.

ಇನ್ನೂ ಕಲೀತಿದೀಯೇನಪ್ಪಾ?

ಅಜ್ಜಿ ಹಳೇಪೇಟೆಯ ಒಂದು ಮಣ್ಣಿನ ಮಾಳಿಗೆ ಮನೆಯಲ್ಲಿ ಮದುವೆಯಾಗಿ ಬಂದಾಗಿನಿಂದ ಬಾಡಿಗೆಗಿದ್ದಳು. ಗಂಡ ತೀರಿಕೊಂಡ ಮೇಲೆ, ಊರು ಬಿಟ್ಟು ಒಂಟಿಯಾಗಿ ಬಂದ ಮಿಲ್ಲಿನ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಹಾಕಿ ಜೀವನ ಮಾಡುತ್ತಿದ್ದಳು. ಮನೆ ಹೋದರೆ ಒಲೆ ಹೋಯಿತು, ಒಲೆ ಹೋದರೆ ಅನ್ನವೂ ಹೋಯಿತು. ಈಗ ಮನೆಯ ಮಾಲೀಕರಾದ ಸಾಹುಕಾರರು, ಮನೆ ಹಳೇದಾಯಿತು, ಕೆಡವಿ ಹೊಸದು ಕಟ್ಟುತ್ತೇನೆ, ಖಾಲಿ ಮಾಡು ಎಂದು ಕೂತಿದ್ದರು.

ಎಲ್ಲ ಹೇಳಿ ಮುಗಿಸಿ ಅಜ್ಜಿ ಸೆರಗಿನ ಗಂಟು ಬಿಚ್ಚತೊಡಗಿದಳು. "ನಿನ್ನ ಫೀ ಎಷ್ಟಪ್ಪಾ?"

"ಏನೂ ಬೇಡ ಅಜ್ಜಿ. ಇಲ್ಲಿ ಎಲ್ಲ ಪುಕ್ಕಟೆ."

ಗಂಟು ಬಿಚ್ಚುತ್ತಿದ್ದ ಕೈ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬಹಳ ಕನಿಕರದಿಂದ ಕೇಳಿದಳು: "ಹಂಗಾದ್ರೆ ಇನ್ನೂ ಕಲೀತಿದೀಯೇನಪ್ಪಾ?"

ನನಗೆ ಮೈ ಉರಿಯಿತು. ಉರಿಯಲು ಕಾರಣ, ಆಕೆ ಹೇಳಿದ್ದು ನಿಜವಾಗಿತ್ತು. ಆದರೂ ಗಂಭೀರವಾಗಿ ಕೂತು ಬಾಡಿಗೆ ಕಾಯಿದೆಯನ್ನೆಲ್ಲ ಬಿಡಿಸಿ ಹೇಳಿದೆ. ಕೋರ್ಟಿನ ಹುಕುಂ ಇಲ್ಲದೆ ಸಾಹುಕಾರರಲ್ಲ, ಸಾಹುಕಾರರ ತಾತ ಬಂದರೂ ನಿಮ್ಮನ್ನು ಹೊರಗೆ ಹಾಕುವಂತಿಲ್ಲ ಎಂದೆ. ಅಜ್ಜಿ "ಹೂಂ, ಹೂಂ" ಎನ್ನುತ್ತಾ ಕೇಳಿಸಿಕೊಂಡು ಎದ್ದು ಹೋದಳು. ಮುಖದಲ್ಲಿ ನಂಬಿಕೆಯ ಸುಳಿವೇ ಇರಲಿಲ್ಲ.

ಮುಂದಿನ ಭಾನುವಾರ ನಗುನಗುತ್ತಾ ಬಂದಳು. "ತಮ್ಮಾ, ನೀನು ಹೇಳಿದ್ದು ಖರೆ ಐತಂತೆ ನೋಡು! ನಂಗೆ ಅನುಮಾನ ಇತ್ತು. ದುಡ್ಡು ತಗೊಳ್ಳೋ ದೊಡ್ಡ ವಕೀಲ್ರ ಹತ್ರ ಹೋಗಿ ಕೇಳಿದೆ. ಕೋರ್ಟಿಗೆ ಹೋಗದೆ ಬಿಡಿಸಾಕೆ ಬರಲ್ಲ, ಆ ಹುಡುಗ ಸರಿಯಾಗೇ ಹೇಳ್ಯಾನೆ ಅಂದ್ರು."

ನನಗೂ ಸ್ವಲ್ಪ ಹೆಮ್ಮೆಯಾಯಿತು. "ಯಾವ ವಕೀಲರು ಅಜ್ಜಿ?"

"ಸಾವ್ಕಾರ್ರ ವಕೀಲ್ರು!"

ಆ ವಾರವೇ ಸಾಹುಕಾರರು ಕೋರ್ಟಿನಲ್ಲಿ ಅರ್ಜಿ ಹಾಕಿದರು.

ಬಾಗಿಲು ಬಂತು

ಕೋರ್ಟಿನ ನೋಟೀಸು ಹಿಡಿದು ಅಮೀನ ಹೋದಾಗ ಅಜ್ಜಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳಂತೆ. ಆ ಕಾಗದ ಮುಟ್ಟಿದರೆ ಮನೆ ಬಿಡಲು ಒಪ್ಪಿದ ಹಾಗೆ ಎಂಬುದು ಹಳೇಪೇಟೆಯವರ ನಂಬಿಕೆ. ಅಮೀನ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಆತ ಕಾಯಿದೆಯಂತೆ ನೋಟೀಸನ್ನು ಬಾಗಿಲಿಗೆ ಅಂಟಿಸಿ ಹೋದ.

ಇದು ನನಗೆ ತಿಳಿಯುವಾಗ ಆಗಲೇ ಕೆಲವು ದಿನ ಕಳೆದಿತ್ತು. ಅಜ್ಜಿಯ ಹತ್ತಿರ ಊಟ ಮಾಡುವ ಮಿಲ್ಲಿನ ಹುಡುಗನೊಬ್ಬ ಸಿಕ್ಕಾಗ, "ಆ ನೋಟೀಸು ತಗೊಂಡು ಭಾನುವಾರ ಬರಬೇಕಂತೆ ಅಂತ ಅಜ್ಜಿಗೆ ಹೇಳು" ಎಂದು ಹೇಳಿ ಕಳಿಸಿದೆ.

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಗಲಾಟೆ ಕೇಳಿಸಿತು. ನೋಡಿದರೆ ಒಂದು ತಳ್ಳುಗಾಡಿ. ಗಾಡಿಯನ್ನು ಮಿಲ್ಲಿನ ಹುಡುಗರು ತಳ್ಳುತ್ತಿದ್ದಾರೆ. ಗಾಡಿಯ ಮೇಲೆ ಒಂದು ಭಾರೀ ಬಾಗಿಲು ಅಂಗಾತ ಮಲಗಿದೆ. ಪಕ್ಕದಲ್ಲಿ ಅಜ್ಜಿ, ದೇವರ ಪಲ್ಲಕ್ಕಿಯ ಜೊತೆ ಬರುವವಳ ಹಾಗೆ ಬಾಗಿಲಿನ ಮೇಲೆ ಒಂದು ಕೈ ಇಟ್ಟುಕೊಂಡು ನಡೆದು ಬರುತ್ತಿದ್ದಾಳೆ. ಹಿಂದೆ ಬಡಾವಣೆಯ ಅರ್ಧ ಜನ.

"ಏನಜ್ಜಿ ಇದು?"

"ನೀನೇ ತಗೊಂಬಾ ಅಂದೆಯಲ್ಲ!"

"ನಾನು ಕಾಗದ ತಗೊಂಡು ಬನ್ನಿ ಅಂದಿದ್ದು!"

"ಸರ್ಕಾರದೋರು ಅಂಟಿಸಿದ್ದನ್ನ ಕೀಳಾಕೆ ಬರ್ತೈತೇನೋ ತಮ್ಮಾ? ಕಿತ್ರೆ ಜೈಲಿಗೆ ಹಾಕಲ್ವಾ? ಅದಕ್ಕೆ ಕದಾನೇ ಎತ್ತಿಸ್ಕೊಂಡು ಬಂದೆ."

ಬಾಗಿಲನ್ನು ಜಗುಲಿಗೆ ಆನಿಸಿ ನಿಲ್ಲಿಸಿದರು. ನೋಟೀಸು ಓದೋಣವೆಂದು ಹತ್ತಿರ ಹೋದರೆ ಒಂದಕ್ಷರ ಕಾಣುವುದಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಬಾಗಿಲಿಗೆ ವಿಭೂತಿ ಬಳಿದು ಕುಂಕುಮ ಇಡುವವಳು. ಬಾಗಿಲಿಗೆ ಅಂಟಿದ ಮೇಲೆ ನೋಟೀಸೂ ಬಾಗಿಲೇ ಎಂದು ಅದಕ್ಕೂ ಪೂಜೆ ಸಂದಿತ್ತು. ಹಾಜರಾಗಬೇಕಾದ ತಾರೀಖಿನ ಮೇಲೆ ಸರಿಯಾಗಿ ಮೂರು ಬೆರಳು ವಿಭೂತಿ, ಮಧ್ಯೆ ಒಂದು ಕುಂಕುಮದ ಬೊಟ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ನೋಡಿದರೆ ವಾಯಿದೆ ಮರುದಿನವೇ ಇತ್ತು! ಆ ದಿನ ಹೋಗದಿದ್ದರೆ ಅಜ್ಜಿಯ ಮಾತು ಕೇಳದೆಯೇ ತೀರ್ಪಾಗಿ ಮನೆ ಹೋಗಿಬಿಡುತ್ತಿತ್ತು.

ಅಷ್ಟರಲ್ಲಿ ಸೀನಿಯರ್ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಬಾಗಿಲನ್ನೂ ನನ್ನನ್ನೂ ನೋಡಿದರು. "ಅಲ್ಲಮ್ಮಾ, ಮನೆ ಬಾಗಿಲನ್ನೇ ಕಿತ್ತುಕೊಂಡು ಬಂದಿದೀರಲ್ಲ, ಅಲ್ಲಿ ಕಳ್ಳರು ನುಗ್ಗಿದ್ರೆ?"

ಅಜ್ಜಿ ಕೈ ಬೀಸಿ ಹೇಳಿದಳು: "ಬರಲಿ ಬಿಡ್ರಿ. ಕಳ್ರು ಬಂದ್ರೆ ಸಾಮಾನು ತಗೊಂಡು ಅವರೇ ಹೋಗ್ತಾರೆ. ನನ್ನನ್ನ ಹೋಗು ಅನ್ನಲ್ಲ."

ಹರಿಹರದಲ್ಲಿ ಮನೆ ನೋಡಿದ್ದು

ಮರುದಿನ ಅಜ್ಜಿಯನ್ನು ಕರೆದುಕೊಂಡು ಹೋಗಿ ಕೋರ್ಟಿಗೆ ಹಾಜರಾದೆ, ಕೇಸು ನಡೆಯತೊಡಗಿತು. ಆದರೂ ಸೋತರೆ ಅಜ್ಜಿ ಬೀದಿಗೆ ಬೀಳಬಾರದು, ಬೇರೆ ಮನೆಯೊಂದು ನೋಡಿಡು ಎಂದು ಸೀನಿಯರ್ ಅಪ್ಪಣೆ ಮಾಡಿದರು. ಪುಕ್ಕಟೆ ವಕೀಲನೆಂದರೆ ಪುಕ್ಕಟೆ ಮನೆ ದಲ್ಲಾಳಿಯೂ ಹೌದು ಎಂದು ನನಗೆ ಅವತ್ತು ಗೊತ್ತಾಯಿತು. ದಾವಣಗೆರೆಯಲ್ಲಿ ಆಕೆಯ ಶಕ್ತಿಗೆ ತಕ್ಕ ಮನೆ ಸಿಗಲಿಲ್ಲ. ಹರಿಹರದಲ್ಲಿ ಅಜ್ಜಿಯ ತಂಗಿಯ ಮನೆ ಇತ್ತು. ಅದೇ ಬೀದಿಯಲ್ಲಿ ಒಂದು ಮನೆ ಖಾಲಿ ಇದೆಯೆಂದು ತಿಳಿದು ಅಜ್ಜಿಯನ್ನು ರೈಲು ಹತ್ತಿಸಿಕೊಂಡು ಹೋದೆ.

ಮನೆಯ ಯಜಮಾನರು ನಿವೃತ್ತ ಮೇಷ್ಟ್ರು, ಬಹಳ ಸಾಧು. ನಡುಮನೆ ತೋರಿಸಿದರು, ಬಚ್ಚಲು ತೋರಿಸಿದರು, ಹಿತ್ತಲಿಗೆ ಬರುವ ಹೊಳೆಯ ಗಾಳಿ ತೋರಿಸಿದರು. ಅಜ್ಜಿ ಯಾವುದನ್ನೂ ನೋಡಲಿಲ್ಲ. ನೇರ ಅಡಿಗೆಮನೆಗೆ ಹೋಗಿ ಕೂತಳು. ಮೇಷ್ಟ್ರ ಹೆಂಡತಿಯ ಹತ್ತಿರ ಒಂದು ಹಿಡಿ ಜೋಳದ ಹಿಟ್ಟು, ಒಂದು ಲೋಟ ನೀರು ಕೇಳಿದಳು.

"ತಮ್ಮಾ, ನೀನು ಬೀದಿಗೆ ಹೋಗಿ ನಿಂತ್ಕೋ."

"ಯಾಕಜ್ಜಿ?"

"ನಿಂತ್ಕೋ ಅಂದ್ನಲ್ಲಾ!"

ನಿಂತೆ. ಒಳಗೆ ಅಜ್ಜಿ ರೊಟ್ಟಿ ಬಡಿಯತೊಡಗಿದಳಂತೆ. "ಕೇಳಸ್ತಾ?" ಎಂದು ಕೂಗಿದಳು. ಕೂಗು ಕೇಳಿಸಿತು, ರೊಟ್ಟಿಯ ಸದ್ದು ಕೇಳಿಸಲಿಲ್ಲ. ಗೋಡೆಗೆ ಕಿವಿ ಹಚ್ಚು ಎಂದಳು, ಹಚ್ಚಿದೆ. ಕಿಟಕಿಯ ಕೆಳಗೆ ಕೂಡು ಎಂದಳು, ಕೂತೆ. ಕರೀ ಕೋಟು ಹಾಕಿಕೊಂಡ ಮನುಷ್ಯ ಹಗಲು ಹೊತ್ತಿನಲ್ಲಿ ಮೇಷ್ಟ್ರ ಮನೆಯ ಕಿಟಕಿಯ ಕೆಳಗೆ ಕೂತಿರುವುದನ್ನು ನೋಡಿ ಹೊಳೆಯಿಂದ ಕೊಡ ಹೊತ್ತು ಬರುತ್ತಿದ್ದ ಹೆಂಗಸರು ಆಚೆ ಬದಿಗೆ ಸರಿದು ಹೋದರು.

"ಇಲ್ಲಜ್ಜಿ, ಏನೂ ಕೇಳಿಸ್ತಿಲ್ಲ!"

ಮೇಷ್ಟ್ರು ಸಂತೋಷದಿಂದ ಹೇಳಿದರು: "ಕೇಳಿಸೋದೇ ಇಲ್ಲ! ಬಲು ಪ್ರಶಾಂತವಾದ ಮನೆ."

ಅಜ್ಜಿ ಹಿಟ್ಟಿನ ಕೈ ತೊಳೆದು ಎದ್ದೇಬಿಟ್ಟಳು. ದಾವಣಗೆರೆಯ ಮನೆಯ ಒಲೆ ಬೀದಿ ಬದಿಗಿತ್ತು. ರೊಟ್ಟಿ ಬಡಿಯುವ ಸದ್ದು ಕೇಳಿಯೇ ಮಿಲ್ಲಿನ ಹುಡುಗರು ಒಳಗೆ ಬರುತ್ತಿದ್ದರು. ಬೋರ್ಡೂ ಅದೇ, ಗಂಟೆಯೂ ಅದೇ. ಸದ್ದು ಹೊರಗೆ ಬಾರದ ಮನೆ ಆಕೆಗೆ ಮುಚ್ಚಿದ ಅಂಗಡಿ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೇಸು ಸೋತರೆ ಆ ಹಳೇ ಮನೆ ಹೋಗುವುದಷ್ಟೇ ಅಲ್ಲ, ಅಂಥ ಇನ್ನೊಂದು ಸಿಗುವುದೂ ಇಲ್ಲ.

ಸ್ಟೇಷನ್ನಿಗೆ ಬರುವಾಗ ಸಮಾಧಾನಕ್ಕೆಂದು ಕೇಳಿದೆ: "ಹರಿಹರದಲ್ಲಿ ಏನೂ ಹಿಡಿಸಲಿಲ್ಲವಾ ಅಜ್ಜಿ?"

"ಹೊಳೆ ಚಲೋ ಐತಪ್ಪಾ. ಅದನ್ನ ಯಾರಾದ್ರೂ ಬಾಡಿಗಿಗೆ ಕೊಟ್ರೆ ಹೇಳು."

ನಮ್ಮ ಕಡೆಯ ಸಾಕ್ಷಿ

ಮನೆ ಇವತ್ತೋ ನಾಳೆಯೋ ಬೀಳುತ್ತದೆ ಎಂಬುದು ಸಾಹುಕಾರರ ವಾದ. ಇಲ್ಲ, ಗಟ್ಟಿಯಾಗಿದೆ ಎಂಬುದು ನಮ್ಮದು. ಅದನ್ನು ಹೇಳಲು ಒಬ್ಬ ಸಾಕ್ಷಿ ಬೇಕಿತ್ತು. ಅಜ್ಜಿಯ ಮನೆಯಲ್ಲಿ ಎಷ್ಟೋ ವರ್ಷದಿಂದ ಎರಡು ಹೊತ್ತೂ ಊಟ ಮಾಡುತ್ತಿದ್ದ ಮಿಲ್ಲಿನವನೊಬ್ಬನನ್ನು ಆರಿಸಿದೆ. ದೊಡ್ಡ ಮೈಯ, ಸತ್ಯವಂತ ಮನುಷ್ಯ. ಆಗ ನನಗೆ ಸತ್ಯವಂತರ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು.

"ನೋಡಪ್ಪಾ, ಇದ್ದದ್ದನ್ನ ಇದ್ದ ಹಾಗೆ ಹೇಳು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು" ಎಂದು ಪಾಠ ಹೇಳಿದೆ.

ಕಟಕಟೆ ಹತ್ತುವಾಗ ಚಪ್ಪಲಿ ಬಿಟ್ಟ. ಪೀಠದ ಮೇಲಿದ್ದ ಮುನಸೀಫರಿಗೆ ಅಡ್ಡ ಬೀಳಲು ಹೋದ. ಕೋರ್ಟಿನ ಜವಾನ ಬೇಡವೆಂದು ಎತ್ತಿ ನಿಲ್ಲಿಸಿದ. ಸಾಹುಕಾರರ ವಕೀಲರು ಮೆಲ್ಲಗೆ ಶುರು ಮಾಡಿದರು.

"ಆ ಮನೆಯ ತೊಲೆ ಸೀಳು ಬಿಟ್ಟಿದೆಯೋ ಇಲ್ಲವೋ?"

"ಗೊತ್ತಿಲ್ರಿ."

"ಮಾಳಿಗೆಯಿಂದ ಮಣ್ಣು ಉದುರುತ್ತದೋ ಇಲ್ಲವೋ?"

"ಗೊತ್ತಿಲ್ರಿ."

ಕಣ್ಸನ್ನೆ ಮಾಡಿದೆ. ನನ್ನ ಕಣ್ಣಿಗೆ ಏನೋ ಬಿದ್ದಿದೆಯೆಂದು ಆತ ಮರುಕದಿಂದ ನೋಡಿದ.

"ಎಷ್ಟೋ ವರ್ಷದಿಂದ ಅಲ್ಲಿ ಊಟ ಮಾಡ್ತೀಯ. ಒಂದು ದಿನವಾದರೂ ತಲೆ ಎತ್ತಿ ಸೂರು ನೋಡಿಲ್ಲವೇನಯ್ಯಾ?"

ಮನುಷ್ಯ ಸೆಟೆದು ನಿಂತ. "ಸುಳ್ಳು ಯಾಕ ಹೇಳ್ಲಿ ಸ್ವಾಮಿ. ಊಟದಾಗ ತಲಿ ಎತ್ತಿದ್ರೆ ಪಕ್ಕದವ ನನ್ನ ರೊಟ್ಟಿ ತಗೀತಾನ್ರಿ."

ಕೋರ್ಟೇ ನಕ್ಕಿತು. ಮುನಸೀಫರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ನಾನು ತಲೆಯ ಮೇಲೆ ಕೈ ಹೊತ್ತು ಕೂತರೆ, ಅಜ್ಜಿ ಆತನ ಬೆನ್ನು ತಟ್ಟುತ್ತಿದ್ದಳು: "ಎಂಥಾ ಮಾತು ಹೇಳಿದಪ್ಪಾ! ನನ್ನ ರೊಟ್ಟಿ ಕೀರ್ತಿ ಕೋರ್ಟಿಗೇ ಮುಟ್ಟಿಸಿದಿ!"

ಕಮಿಷನರ್ ಬಂದ ದಿನ

ಸಾಕ್ಷಿಗಳನ್ನು ನಂಬಿ ಪ್ರಯೋಜನವಿಲ್ಲವೆಂದು ಮುನಸೀಫರಿಗೆ ಅನ್ನಿಸಿತೇನೋ, ಮನೆಯನ್ನು ಕಣ್ಣಾರೆ ನೋಡಿ ವರದಿ ಮಾಡಲು ಹಿರಿಯ ವಕೀಲರೊಬ್ಬರನ್ನು ಕೋರ್ಟಿನ ಕಮಿಷನರಾಗಿ ನೇಮಿಸಿದರು. ಅವರು ಏನು ಬರೆಯುತ್ತಾರೋ ಅದರ ಮೇಲೆ ಅಜ್ಜಿಯ ಮನೆ ನಿಂತಿತ್ತು.

ಅವತ್ತು ಹಳೇಪೇಟೆಗೆ ಹೋಗಿ ನೋಡುತ್ತೇನೆ, ಮನೆಯ ಹೊರಗೋಡೆಗೆ ಎರಡು ದಪ್ಪ ಗಳಗಳನ್ನು ಓರೆಯಾಗಿ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಹಿಂದಿನ ದಿನ ಅವು ಇರಲಿಲ್ಲ. ಸಾಹುಕಾರರು ತಲೆಗೆ ಟವೆಲ್ ಸುತ್ತಿಕೊಂಡು, ತುದಿಗಾಲಲ್ಲಿ ನಡೆಯುತ್ತಾ, ಕಮಿಷನರನ್ನು ಒಳಗೆ ಕರೆದರು.

"ಮೆಲ್ಲಗೆ ಬರ್ರಿ ಸಾಹೇಬ್ರೇ. ಕೆಮ್ಮಬ್ಯಾಡ್ರಿ. ಯಾವಾಗ ಬೀಳ್ತೈತೋ ಹೇಳಾಕೆ ಬರಲ್ಲ."

ಅಜ್ಜಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಅಂದಳು: "ನಾನು ದಿನಾ ಇಷ್ಟು ಬಡೀತೀನಿ, ಬಿದ್ದಿಲ್ಲ. ಇವರು ಕೆಮ್ಮಿದ್ರೆ ಬೀಳ್ತೈತೇನ್ರಿ?"

ಕಮಿಷನರು ನಗಲಿಲ್ಲ. ತೊಲೆ ನೋಡಿದರು, ಗಳ ನೋಡಿದರು, ಏನೇನೋ ಬರೆದುಕೊಂಡರು. ಗಳಗಳ ಬಗ್ಗೆ ಸ್ವಲ್ಪ ಹೆಚ್ಚೇ ಬರೆದರು ಅನ್ನಿಸಿತು. ನಾನು ಏನು ಹೇಳಲು ಹೋದರೂ "ನೋಡ್ತೀನಿ, ನೋಡ್ತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಕೇಸು ಕೈ ಬಿಟ್ಟಿತೆಂದೇ ನಾನು ತಿಳಿದೆ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಒಂದು ಜಟಕಾ ಬಂದು ನಿಂತಿತು. ರುಮಾಲು ಸುತ್ತಿದ ಹಿರಿಯರೊಬ್ಬರು, ಇಳಕಲ್ ಸೀರೆ ಉಟ್ಟ ಅವರ ಹೆಂಡತಿ ಇಳಿದರು.

"ಶರಣ್ರೀ ಬೀಗರೇ! ಹರಿಹರದಿಂದ ಮೊದಲ್ನೇ ಬಸ್ಸಿಗೇ ಬಂದ್ವಿ. ಅಂಗಡಿಗೆ ಹೋದ್ರೆ ಯಜಮಾನ್ರು ಹಳೇಪೇಟಿ ಮನೀಗೆ ಹೋಗ್ಯಾರೆ ಅಂದ್ರು. ಚಲೋನೇ ಆತು, ನಾವೂ ನೋಡಿದಂಗಾತು ಅಂತ ಇಲ್ಲೇ ಬಂದ್ವಿ. ಮದುವ್ಯಾಗ ನಮ್ಮ ಹುಡುಗನಿಗೆ ಕೊಡ್ತೀನಿ ಅಂದ್ರಲ್ಲ, ಅದು ಇದೇ ಮನಿ ಹೌದಲ್ರೀ?"

ಸಾಹುಕಾರರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮಗಳ ಮದುವೆ ನಿಶ್ಚಯವಾಗಿದ್ದು ನಮಗಾರಿಗೂ ಗೊತ್ತಿರಲಿಲ್ಲ. ಕೆಡವಿ ಕಟ್ಟುವ ಮಾತು ಬರೀ ಕೋರ್ಟಿಗೆ ಹೇಳಿದ್ದು. ಅಜ್ಜಿಯನ್ನು ಬಿಡಿಸಿ ಇದ್ದ ಮನೆಯನ್ನೇ ಅಳಿಯನಿಗೆ ಕೊಡುವುದು ಒಳಗಿನ ಲೆಕ್ಕ.

ಬೀಗರು ಹೊರಗೋಡೆಯ ಕಡೆ ಕೈ ತೋರಿಸಿದರು. "ಈ ಗಳ ಯಾಕ ನಿಲ್ಲಿಸೀರಿ? ಗೋಡಿ ಏನಾರ ವಾಲೈತೇನು?"

ಸಾಹುಕಾರರು ಒಮ್ಮೆ ಬೀಗರನ್ನು ನೋಡಿದರು, ಒಮ್ಮೆ ಕಮಿಷನರನ್ನು ನೋಡಿದರು. ಅವರ ವಕೀಲರು ಹಿಂದಿನಿಂದ ಅಂಗಿ ಜಗ್ಗುತ್ತಿದ್ದರು.

"ಅವು... ಮದುವಿ ಚಪ್ಪರಕ್ಕೆ ತರಿಸಿದ್ದು ಬೀಗರೇ!"

ಕಮಿಷನರು ಹಾಳೆ ತಿರುವಿದರು.

"ಅಲ್ರೀ, ಮನಿ ಹಳೇದು ಕಾಣ್ತೈತೆ. ಗಟ್ಟಿ ಐತೇನು?" ಎಂದು ಬೀಗಿತ್ತಿ ಮೂಗಿನ ಮೇಲೆ ಬೆರಳಿಟ್ಟರು. ಆ ಬೆರಳು ಇನ್ನಷ್ಟು ಹೊತ್ತು ಅಲ್ಲೇ ಇದ್ದರೆ ಮದುವೆ ನಿಲ್ಲುತ್ತದೆಂದು ಸಾಹುಕಾರರಿಗೆ ಹೊಳೆದಿರಬೇಕು. ತಲೆಯ ಟವೆಲ್ ಕಿತ್ತು ಹೆಗಲಿಗೆ ಹಾಕಿಕೊಂಡರು. ತುದಿಗಾಲು ಬಿಟ್ಟು ಧಡಧಡನೆ ನಡೆದು ಹೋಗಿ ನಡುಗಂಬವನ್ನು ಎರಡೂ ಕೈಯಿಂದ ಗುದ್ದಿದರು.

"ನಮ್ಮಜ್ಜ ಕಟ್ಟಿಸಿದ್ದು ತಾಯೀ! ಅಸಲು ತೇಗದ ತೊಲಿ! ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ!"

"ಹೌದ್ರವ್ವಾ," ಅಜ್ಜಿ ಒಲೆ ಬಿಟ್ಟು ಎದ್ದು ಬಂದಳು. "ಎಂಥೆಂಥಾ ಮಳಿ ಬಂದ್ರೂ ಒಂದು ಹನಿ ಒಳಗ ಬಿದ್ದಿಲ್ಲ. ಸಾವ್ಕಾರ್ರು ಬಾಯಿ ಬಿಟ್ರೆ ಖರೇನೇ ಹೇಳೋದು!"

ಅಷ್ಟು ತಿಂಗಳ ಕೇಸಿನಲ್ಲಿ ವಾದಿ ಪ್ರತಿವಾದಿ ಇಬ್ಬರೂ ಒಂದೇ ಮಾತು ಹೇಳಿದ್ದು ಅವತ್ತೇ. ಬೀಗರ ಮುಖ ಅರಳಿತು. ಅಜ್ಜಿ ಬಿಡುತ್ತಾಳೆಯೇ, ಕೈ ಹಿಡಿದು ಕೂರಿಸಿ, ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ ಬಡಿಸಿದಳು. ಕಮಿಷನರಿಗೂ ಒಂದು ತಟ್ಟೆ ಹೋಯಿತು. ಅವರು ಬೇಡವೆಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಪೆನ್ನು ಹಿಡಿದೇ ಕೂತರು. ಅವರ ಪಾಲಿನ ರೊಟ್ಟಿಯನ್ನು ನಾನು ತಿಂದೆ.

ಬೀಗಿತ್ತಿ ಎರಡನೇ ರೊಟ್ಟಿ ಮುರಿಯುತ್ತಾ ಕೇಳಿದರು: "ಈ ಅಜ್ಜಿ ಯಾರು ಬೀಗರೇ?"

ಮನೆ ಬಿಡಿಸಲು ಕೋರ್ಟಿಗೆ ಎಳೆದ ಬಾಡಿಗೆಯವಳು ಎಂದು ಯಾವ ಬಾಯಿಂದ ಹೇಳುವುದು? ಸಾಹುಕಾರರು ಟವೆಲಿನಿಂದ ಮುಖ ಒರೆಸಿಕೊಂಡರು. "ನಮ್ಮೋರೇರಿ. ಬಾಳ ವರ್ಷದಿಂದ ಇಲ್ಲೇ ಅದಾರೆ."

"ಹಂಗಾದ್ರೆ ಮದುವಿ ಆದ ಮ್ಯಾಲೂ ಇಲ್ಲೇ ಇರ್ಲಿ. ಹುಡುಗ್ರು ಮ್ಯಾಲೊಂದು ಖೋಲಿ ಹಾಕ್ಕೊಂಡು ಇರ್ತಾರೆ. ಇಂಥಾ ರೊಟ್ಟಿ ಮಾಡೋರು ಮನ್ಯಾಗೇ ಇದ್ರೆ ಹೊಸಾ ಸಂಸಾರಕ್ಕೆ ಇನ್ನೇನು ಬೇಕು? ಇರ್ತಾರಲ್ರೀ?"

"ಇರ್ತಾರೆ, ಇರ್ತಾರೆ" ಎಂದರು ಸಾಹುಕಾರರು.

ಅಜ್ಜಿ ಚಟ್ನಿಯ ಬಟ್ಟಲು ಹಿಡಿದು ಅವರೆದುರಿಗೇ ನಿಂತಳು. "ಎಲ್ಲೀತನಕ ಸಾವ್ಕಾರ್ರೇ?"

"ನೀನು ಇರೋತನಕ ಇರವ್ವಾ ತಾಯೀ!" ಎಂದು ಸಾಹುಕಾರರು ಕೈ ಮುಗಿದುಬಿಟ್ಟರು.

ಅವರ ವಕೀಲರು ಛತ್ರಿ ತೆಗೆದುಕೊಂಡು ಯಾರಿಗೂ ಹೇಳದೆ ಹೊರಟುಹೋದರು. ಇನ್ನು ಅರ್ಜಿ ವಾಪಸು ಪಡೆಯುವುದಲ್ಲದೆ ದಾರಿಯಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು, ಒಲೆಯ ಹೊಗೆಯೆಂದು ಒರೆಸಿಕೊಂಡೆ. ಅಜ್ಜಿ ಮಾತ್ರ ಇನ್ನೂ ಮುಗಿದಿದೆಯೆಂದು ಒಪ್ಪಲಿಲ್ಲ. ಕಮಿಷನರ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಈಗ ಹೇಳಿದ್ದು ಬರ್ಕೊಂಡ್ರೇನ್ರಿ ಸಾಹೇಬ್ರೇ? ಇಲ್ಲಾಂದ್ರೆ ಇನ್ನೊಂದು ಸಲ ಹೇಳಸ್ತೀನಿ. ಬೀಗರು ಇನ್ನೂ ಕೈ ತೊಳೆದಿಲ್ಲ."